ಗಡಿನಾಡಿನ ಗಾಯಕನಟರು: ಪುಣಜನೂರು–ಗಾಜನೂರು ಸೀಮೆಯ ಒಂದು ವಿಚಾರ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಎಲ್ಲೆಗೆ ಸಮೀಪವಾಗಿ, ಪುಣಜನೂರೆಂಬ ಗ್ರಾಮವಿದೆ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು; ಪಡುವಲಿಗೆ ತಾಳವಾಡಿಯ ಬಯಲು. ಈ ಬಯಲು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದುದಾದರೂ ಅಲ್ಲಿಯ ಹಳ್ಳಿಗಳ ಮನೆಮಾತು ಬಹುಮಟ್ಟಿಗೆ ಕನ್ನಡವೇ. ಕನ್ನಡ ಚಲಚ್ಚಿತ್ರರಂಗದ ಅಗ್ರಗಣ್ಯ ನಟರಾದ ರಾಜಕುಮಾರರು 1929ನೆಯ ಇಸವಿ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ಈ ಬಯಲಿನಲ್ಲಿಯೇ ಇದೆ. ಅವರನ್ನು ಕುರಿತ ಬರವಣಿಗೆಯಲ್ಲಿ, ಅವರು ಹಾಡುತ್ತಿದ್ದುದನ್ನು ನಟನೆಗೆ ಮೇಲೆ ತೊಡಿಸಿದ ಅಲಂಕಾರವೆಂಬಂತೆ ಕಾಣುವ ವಾಡಿಕೆಯುಂಟು. ಇದು ಚರಿತ್ರೆಯ ಕ್ರಮವನ್ನು ತಲೆಕೆಳಗು ಮಾಡಿದಂತೆ. ಕನ್ನಡನಾಡಿನಲ್ಲಿ, ಅದರಲ್ಲಿಯೂ ಈ ಸೀಮೆಯಲ್ಲಿ, ಹಾಡುವವನೇ ಆಡುವವನು; ಹಾಡದೆ ಆಡುವ ನಟನು ಬಹು ಈಚಿನವನು.

ಮೊದಲು ಸೀಮೆಯ ಮಾತು. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಬಳಿಕ ಮೈಸೂರು ರಾಜ್ಯವನ್ನು ಹಂಚಿದಾಗ ಕೊಯಮತ್ತೂರು ಪ್ರಾಂತ ಇಂಗ್ಲಿಷರ ಕಂಪನಿಗೆ ಹೋಯಿತು; ಅರಿಕುಠಾರವು ಮೈಸೂರು ಅರಸರಲ್ಲಿಯೇ ಉಳಿಯಿತು. ಅರಿಕುಠಾರಕ್ಕೆ ಚಾಮರಾಜನಗರವೆಂಬ ಹೆಸರು ಬಂದದ್ದು 1818ರಲ್ಲಿ, ಅಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗಾಗಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಟ್ಟದ್ದರಿಂದ. ಹೀಗೆ ಒಂದೇ ನುಡಿಯ, ಒಂದೇ ದೇವರ ಒಕ್ಕಲಾದ ಜನ ಎರಡು ಸರ್ಕಾರಗಳಿಗೆ ಕಂದಾಯ ತೆರುವವರಾದರು. ಕೊಳ್ಳೇಗಾಲವೂ ತಾಳವಾಡಿಯೂ ಮದರಾಸಿನ ಆಳಿಕೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾನುಸಾರವಾಗಿ ಪ್ರಾಂತಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದಿತು, ತಾಳವಾಡಿ ಬರಲಿಲ್ಲ. ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನ ಹಿಂದಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಮಗ ಹುಟ್ಟಿದ ಗಾಜನೂರು ತಾಳವಾಡಿಯ ಕಡೆಯದು. ಮಗನು ಹುಟ್ಟಿದಾಗ ಎರಡೂ ಒಂದೇ ಜಿಲ್ಲೆ. ಅವನು ಪ್ರಸಿದ್ಧನಾಗುವ ಹೊತ್ತಿಗೆ ಎರಡು ರಾಜ್ಯ. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡದ ಸ್ಥಾನಕ್ಕಾಗಿ ನಾಡೆಲ್ಲ ಸುತ್ತಿದ ಈ ನಟರ ಹುಟ್ಟೂರು ಕರ್ನಾಟಕದಲ್ಲಿಲ್ಲವೆಂಬುದನ್ನು ಹಲವರು ಸೋಜಿಗವೆಂದು ಹೇಳುವುದುಂಟು. ಸೋಜಿಗವೇನೂ ಇಲ್ಲ. ಎಲ್ಲೆಯ ಗೆರೆ ಈಚಿನದು, ನುಡಿ ಹಳೆಯದು. ಆದರೆ ಆ ಗೆರೆಯ ಬಿಸಿ ಅವರಿಗೆ ಮುಪ್ಪಿನಲ್ಲಿ ತಟ್ಟದೆ ಹೋಗಲಿಲ್ಲ. 2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿರಿಸಿದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರಿನ ವಿಷಯವೂ ಕರ್ನಾಟಕದಲ್ಲಿ ತಮಿಳಿನ ಸ್ಥಾನಮಾನದ ವಿಷಯವೂ ಸೇರಿದ್ದವು.

ಈ ಸೀಮೆಯ ಹಾಡಿನ ಬಗೆಯನ್ನು ಇನ್ನು ನೋಡಬೇಕು. ಮಲೆಮಹದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರೂ, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ ಮೀಟಿ ಹಾಡುವ ನೀಲಗಾರರೂ ಇಲ್ಲಿಯ ಜನಕ್ಕೆ ಪರಿಚಿತರು. ಕೊಳ್ಳೇಗಾಲದ ಬಳಿಯ ಚಿಕ್ಕಲ್ಲೂರಿನ ಜಾತ್ರೆಗೆ ನೀಲಗಾರರ ಮೇಳಗಳು ಕೂಡುತ್ತವೆ. ಇವರ ಕಥನದ ರೀತಿ ಸಾಹಿತ್ಯಾಭ್ಯಾಸಿಗಳು ಗಮನಿಸತಕ್ಕುದು. ಮುಮ್ಮೇಳದವನು ಪದವೊಂದನ್ನು ಎತ್ತಿಕೊಳ್ಳುತ್ತಾನೆ. ಹಿಮ್ಮೇಳದವರು ಅದನ್ನು ಹಿಡಿದು ಬೆಳಸುತ್ತಾರೆ. ನಡುವೆ ಪದವನ್ನು ನಿಲ್ಲಿಸಿ ಅವನು ವಚನಕ್ಕಿಳಿಯುತ್ತಾನೆ. ವಚನದಿಂದ ಸಂವಾದಕ್ಕೆ ದಾಟುತ್ತಾನೆ. ಆಗ ಅವನು ಕಥೆ ಹೇಳುವವನಲ್ಲ, ಗುರುವೂ ಅವನೇ, ಗುರುವಿನೆದುರು ನಿಂತ ಶಿಷ್ಯನೂ ಅವನೇ. ದನಿಯನ್ನು ಏರಿಸಿ ಇಳಿಸಿ ಪಾತ್ರಗಳನ್ನು ಬೇರೆಮಾಡುತ್ತಾನಲ್ಲದೆ ವೇಷವನ್ನು ಬದಲಿಸುವುದಿಲ್ಲ. ಇಂಥ ಕಥೆಯನ್ನು ಇರುಳೆಲ್ಲ ಕೇಳಿ ಬೆಳೆದ ಜನಕ್ಕೆ ಅಭಿನಯವೆಂಬುದು ಮೊದಲು ಕಿವಿಯ ವಿಷಯ, ಆಮೇಲೆ ಕಣ್ಣಿನದು. ಪುಣಜನೂರಿನ ಸುತ್ತಣ ಪೋಡುಗಳ ಸೋಲಿಗರಲ್ಲಿಯೂ ಹಾಡು ಕುಣಿತಗಳು ಬೇರೆಯಾಗಿಲ್ಲ. ಗೊರುಕನ ಪದಕ್ಕೆ ಹೆಜ್ಜೆಯೇ ತಾಳ.

ಆದರೆ ರಾಜಕುಮಾರರ ಸಂಗೀತ ನೀಲಗಾರರಿಂದ ಬಂದಿತೆಂದು ನೇರವಾಗಿ ಹೇಳುವುದು ಆತುರವಾದೀತು. ಅವರು ಕಲಿತದ್ದು ಕಂಪನಿ ನಾಟಕದ ಮಟ್ಟುಗಳನ್ನು. ಆ ಮಟ್ಟುಗಳಲ್ಲಿ ಕರ್ನಾಟಕ ಶಾಸ್ತ್ರೀಯ ಸಂಗೀತವುಂಟು, ಮರಾಠಿ ರಂಗಗೀತಗಳ ಛಾಯೆಯುಂಟು, ಪಾರ್ಸಿ ನಾಟಕಗಳ ಧಾಟಿಯುಂಟು. ಹಳ್ಳಿಯ ಪದಗಳ ಪಾಲು ಕಡಿಮೆ. ಹಳ್ಳಿಯಿಂದ ಬಂದದ್ದು ರಾಗವಲ್ಲ, ಪ್ರೇಕ್ಷಕನ ನಿರೀಕ್ಷೆ. ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ನಟರಾಗಿದ್ದರು. 1884ರಲ್ಲಿ ಹುಟ್ಟಿದ ಈ ಕಂಪನಿ ಹಲವು ದಶಕಗಳ ಕಾಲ ಕನ್ನಡ ನಟರಿಗೆ ಪಾಠಶಾಲೆಯಾಗಿತ್ತು. ಮುತ್ತುರಾಜನೆಂಬ ಹೆಸರಿನ ಹುಡುಗ, ಶಾಲೆಯ ಓದು ಬೇಗನೆ ನಿಂತುಹೋದ ಮೇಲೆ, ತಂದೆಯ ಬೆನ್ನಿಗೆ ಈ ಶಾಲೆಯನ್ನು ಸೇರಿದನು, ಮುಂದೆ ಎಂ.ವಿ. ಸುಬ್ಬಯ್ಯನಾಯ್ಡುಗಳ ಕಂಪನಿಯಲ್ಲಿಯೂ ಕೆಲಸಮಾಡಿದನು. ಧ್ವನಿವರ್ಧಕವಿಲ್ಲದ ದಿನಗಳ ಕಂಪನಿಯಲ್ಲಿ ನಟನಿಗಿರಬೇಕಾದ ಮೊದಲ ಗುಣ, ಹಿಂದಿನ ಚಾಪೆಯವನಿಗೂ ಮುಟ್ಟುವ ಕಂಠ. ಹಾರ್ಮೋನಿಯಮ್ಮಿನ ಎತ್ತರದ ಶ್ರುತಿಗೆ ನಿಂತು ಮಾತಿನಿಂದ ಪದಕ್ಕೆ, ಪದದಿಂದ ಮಾತಿಗೆ ತೊಡಕಿಲ್ಲದೆ ಸಾಗಬೇಕು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ರಂಗದ ಮೇಲೆ ಸತ್ತುಬಿದ್ದವನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತೆಂದು ಹೇಳುತ್ತಾರೆ. ನಾಟಕದ ಔಚಿತ್ಯವನ್ನು ಬಲ್ಲವರು ಇದನ್ನು ನೋಡಿ ನಗಬಹುದು. ಆದರೆ ಜನ ದುಡ್ಡು ಕೊಟ್ಟು ಬಂದದ್ದು ಯಾವುದಕ್ಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಸಾಕ್ಷ್ಯ ಬೇರಿಲ್ಲ.

ವಾಕ್ಚಿತ್ರ ಬಂದಾಗ ಈ ಪದ್ಧತಿ ಹಾಗೆಯೇ ತೆರೆಗೆ ನಡೆಯಿತು. 1934ರ ಮಾರ್ಚಿಯಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನ’ದಲ್ಲಿ ನಾಯಕರಾಗಿದ್ದವರು ಸುಬ್ಬಯ್ಯನಾಯ್ಡುಗಳೇ. ಹೊನ್ನಪ್ಪ ಭಾಗವತರು ಸಂಗೀತದ ಬಲದಿಂದಲೇ ಚಿತ್ರನಟರಾದರು. ಆಮೇಲೆ ಹಾಡನ್ನು ಬೇರೆಯಾಗಿ ಮುದ್ರಿಸಿಕೊಳ್ಳುವ ಉಪಾಯ ಬೇರೂರಿದ ಕೂಡಲೆ ಕೆಲಸ ಎರಡಾಯಿತು. ಮದರಾಸಿನ ಸ್ಟುಡಿಯೋಗಳಲ್ಲಿ ನುರಿತ ಗಾಯಕರು ಸಿದ್ಧವಾಗಿದ್ದರು. ನಟನ ಕಂಠಕ್ಕೆ ಕಾಯುವ ಅಗತ್ಯ ಉಳಿಯಲಿಲ್ಲ. 1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಮುತ್ತುರಾಜರು ರಾಜಕುಮಾರರೆಂಬ ಹೆಸರಿನಿಂದ ನಾಯಕರಾದರು. ಕಂಪನಿಯಲ್ಲಿ ಹಾಡಿ ಬೆಳೆದವರು ತೆರೆಯ ಮೇಲೆ ತುಟಿಯಾಡಿಸಬೇಕಾಯಿತು. ಕಣ್ಣಪ್ಪನಿಗೆ ಹಾಡಿದವರು ಸಿ.ಎಸ್. ಜಯರಾಮನ್. ಮುಂದೆ ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸರ ಮೃದುವಾದ, ಸಂಯಮವುಳ್ಳ ಕಂಠವು ರಾಜಕುಮಾರರ ಪಾತ್ರಗಳಿಗೆ ಎಷ್ಟು ಹೊಂದಿಕೊಂಡಿತೆಂದರೆ, ಶರೀರ ಒಬ್ಬರದು ಶಾರೀರ ಮತ್ತೊಬ್ಬರದೆಂಬುದನ್ನು ಜನ ಮರೆತೇಬಿಟ್ಟರು. ಆ ಹಾಡುಗಳ ಸೊಗಸನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೂ ಅಲ್ಲಿ ಒಂದು ಮಾರ್ಪಾಡು ಉಂಟು: ಕಂಪನಿಯ ನಟ ಪದದೊಳಗೆ ಪಾತ್ರವನ್ನು ಕಟ್ಟುತ್ತಿದ್ದನು, ಇಲ್ಲಿ ಕಟ್ಟಿದ ಪದಕ್ಕೆ ನಟ ಮುಖವನ್ನು ಒದಗಿಸುತ್ತಾನೆ.

ರಾಜಕುಮಾರರು 1956ರ ‘ಓಹಿಲೇಶ್ವರ’ದಲ್ಲಿ, 1959ರ ‘ಮಹಿಷಾಸುರಮರ್ದಿನಿ’ಯಲ್ಲಿ ಹಾಡಿದ್ದುಂಟು. ಅವು ಬಿಡಿ ಸಂದರ್ಭಗಳು. ಕಂಠ ಮತ್ತೆ ನಟನಿಗೆ ಸೇರಿದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ. ಶ್ರೀನಿವಾಸರು ಒದಗದಿದ್ದ ಸಂದರ್ಭದಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರು ಚಿ. ಉದಯಶಂಕರರ ಗೀತವೊಂದನ್ನು ನಟರಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕುಳಿತ ಹಳ್ಳಿಯ ಗಂಡು ಊರಿಗೆಲ್ಲ ಕೇಳುವಂತೆ ಹಾಡುವ ಪದವದು; ಮೈಕಿಗೆ ಪಿಸುಗುಟ್ಟುವ ಕಂಠಕ್ಕಲ್ಲ, ಬಯಲಿಗೆ ಬಿಡುವ ಕಂಠಕ್ಕೆ ತಕ್ಕುದು. ಈ ಚಿತ್ರದ ಮೂಲ ಪಿ.ಬಿ. ಧುತ್ತರಗಿಯವರ ನಾಟಕವೆಂಬುದನ್ನೂ ಮರೆಯಲಾಗದು. ಕಂಪನಿ ನಾಟಕದ ಕಥೆಯೊಂದು ತೆರೆಗೆ ಬಂದಾಗ ಅದರೊಡನೆ ಕಂಪನಿಯ ಗಾಯಕನಟನೂ ಹಿಂದಿರುಗಿದನು. ಇದನ್ನು ಆಕಸ್ಮಿಕವೆಂದು ಕರೆಯುವವರು ಶ್ರೀನಿವಾಸರ ಗೈರುಹಾಜರಿಯನ್ನು ಮಾತ್ರ ಎಣಿಸುತ್ತಾರೆ. ಇಪ್ಪತ್ತು ವರ್ಷ ಬಳಕೆಯಿಲ್ಲದೆ ಉಳಿದರೂ ಕೆಡದ ಶಿಕ್ಷಣವನ್ನು ಎಣಿಸುವುದಿಲ್ಲ. ಅಂದಿನಿಂದ ಅವರ ಪಾತ್ರಗಳಿಗೆ ಅವರೇ ಹಾಡುವುದು ರೂಢಿಯಾಯಿತು. ‘ಜೀವನ ಚೈತ್ರ’ದ ಗೀತಕ್ಕಾಗಿ 1992ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ದೊರೆತದ್ದು ನಟನೆಗಲ್ಲ, ಹಿನ್ನೆಲೆಗಾಯನಕ್ಕೆ. ಆಗ ಅವರಿಗೆ ಅರುವತ್ತು ದಾಟಿತ್ತು.

ಇಂಥ ಚರಿತ್ರೆ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಪಶ್ಚಿಮ ಆಫ್ರಿಕದ ಘಾನಾ ದೇಶವು ಗೋಲ್ಡ್ ಕೋಸ್ಟ್ ಎಂಬ ಹೆಸರಿನಿಂದ ಇಂಗ್ಲಿಷರ ಕೈಯಲ್ಲಿದ್ದಾಗ ಅಲ್ಲಿ ‘ಕಾನ್ಸರ್ಟ್ ಪಾರ್ಟಿ’ಯೆಂಬ ಅಲೆಮಾರಿ ನಾಟಕ ಮಂಡಲಿಗಳು ಬೆಳೆದವು. 1930ರ ದಶಕದಲ್ಲಿ ಬಾಬ್ ಜಾನ್ಸನ್ ಮೊದಲಾದವರ ‘ಆಕ್ಸಿಮ್ ಟ್ರಯೋ’ ಹೆಸರುವಾಸಿಯಾಯಿತು. 1952ರಲ್ಲಿ ಇ.ಕೆ. ನ್ಯಾಮೆ ಎಂಬ ಗಿಟಾರುವಾದಕನು ತನ್ನ ಹೈಲೈಫ್ ಸಂಗೀತದ ತಂಡವನ್ನೇ ನಾಟಕ ಮಂಡಲಿಯಾಗಿ ಮಾಡಿ, ಇಂಗ್ಲಿಷನ್ನು ಬದಿಗಿಟ್ಟು ಅಕಾನ್ ಭಾಷೆಯಲ್ಲಿ ಆಡಿಸಿದನು. ಅಲ್ಲಿಯೂ ಹೆಣ್ಣಿನ ಪಾತ್ರಕ್ಕೆ ಗಂಡಸರು. ಅಲ್ಲಿಯೂ ಇರುಳೆಲ್ಲ ಆಟ. ಅಲ್ಲಿಯೂ ಹಾಡು ಕಥೆಗೆ ಹಚ್ಚಿದ ಬಣ್ಣವಲ್ಲ, ಕಥೆ ನಡೆಯುವ ದಾರಿ. 1957ರಲ್ಲಿ ದೇಶ ಸ್ವತಂತ್ರವಾಯಿತು. 1970ರಲ್ಲಿ ‘ಐ ಟೋಲ್ಡ್ ಯೂ ಸೋ’ ಚಿತ್ರ ಬಂದಾಗ ಮಂಡಲಿಗಳ ನಟನಾದ ಬಾಬ್ ಕೋಲ್ ತೆರೆಗೆ ನಡೆದನು. ಸಂಗೀತ ‘ಆಫ್ರಿಕನ್ ಬ್ರದರ್ಸ್’ ತಂಡದ್ದು. ಗುಬ್ಬಿಗೂ ಆಕ್ಸಿಮಿಗೂ ಕೊಡುಕೊಳೆಯೇನೂ ಇರಲಿಲ್ಲ. ಪರಭಾಷೆಯ ಆಳಿಕೆಯಲ್ಲಿ ಊರೂರು ಸುತ್ತುವ ಮಂಡಲಿಯು ಬದುಕಬೇಕಾದರೆ ಅನುಸರಿಸಬೇಕಾದ ದಾರಿಯೇ ಎರಡೂ ಕಡೆ ಒಂದಾಗಿ ಕಾಣುತ್ತದೆ. ಓದುಬರಹ ಬಾರದವನೂ ಪದವನ್ನು ಮನೆಗೆ ಒಯ್ಯಬಲ್ಲನು; ಅವನ ನುಡಿಯಲ್ಲಿ ಹಾಡಿದವನು ಬರುಬರುತ್ತ ಆ ನುಡಿಯ ಪ್ರತಿನಿಧಿಯಾಗಿಬಿಡುತ್ತಾನೆ. ರಾಜಕುಮಾರರ ವಿಷಯದಲ್ಲಿ ಆದದ್ದೂ ಇದೇ. ‘ಬೇಡರ ಕಣ್ಣಪ್ಪ’ದ ತೆಲುಗು ರೂಪವೊಂದನ್ನು ಬಿಟ್ಟರೆ ಅವರು ಬೇರೆ ಭಾಷೆಯ ಚಿತ್ರದಲ್ಲಿ ನಾಯಕರಾಗಲಿಲ್ಲ.

2006ರ ಏಪ್ರಿಲ್ 12ರಂದು ಅವರು ತೀರಿಕೊಂಡರು. ಅವರಿಗೆ ಕಲಿಸಿದ ಬಗೆಯ ಕಂಪನಿಗಳು ಅದಕ್ಕೆ ಮೊದಲೇ ಕ್ಷೀಣಿಸಿದ್ದವು. ಅವರ ಕಿರಿಯ ಮಗ ಪುನೀತ್ 1981ರ ‘ಭಾಗ್ಯವಂತ’ದಲ್ಲಿ, ಆರು ವರ್ಷದ ಬಾಲನಾಗಿರುವಾಗಲೇ, ತನ್ನ ಪಾತ್ರಕ್ಕೆ ತಾನೇ ಹಾಡಿದನು. ಆದರೆ ಆ ಹುಡುಗ ಹಾಡಲು ಕಲಿತದ್ದು ಹಿಂದಿನ ಚಾಪೆಯವನಿಗೆ ಕೇಳಿಸಲೆಂದಲ್ಲ. ಮೈಕಿನ ಮುಂದೆ, ತಂದೆಯ ಪಕ್ಕದಲ್ಲಿ.