ಒಂದೇ ಸೀರೆ, ಎರಡು ಬೆಲೆ

ಬೆಳವಣಕಿಯಿಂದ ಮೂಡಣಕ್ಕೆ ಹೊರಟರೆ ರೋಣ, ಗಜೇಂದ್ರಗಡ ದಾಟಿದ ಮೇಲೆ ಯಲಬುರ್ಗಾ ಸೀಮೆ. ಅದೇ ಮಾತು, ಅದೇ ಜೋಳದ ರೊಟ್ಟಿ, ಎರಡೂ ಕಡೆ ಬೀಗರು. ಆದರೆ 1948ರವರೆಗೆ ಈ ದಾರಿಯಲ್ಲಿ ಆಳ್ವಿಕೆಯೇ ಬದಲಾಗುತ್ತಿತ್ತು. ರೋಣ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಯಲಬುರ್ಗಾ, ಕೊಪ್ಪಳಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು.

ಗಡಿ ದಾಟಿದೊಡನೆ ಬದಲಾಗುತ್ತಿದ್ದ ಮೊದಲ ವಸ್ತು ರೂಪಾಯಿ. ನಿಜಾಮರದು ಹಾಲಿ ಸಿಕ್ಕಾ. ಬ್ರಿಟಿಷರ 6 ರೂಪಾಯಿಗೆ ಹಾಲಿಯ ಸುಮಾರು 7 ರೂಪಾಯಿ ಸಮ. ಗಜೇಂದ್ರಗಡದಲ್ಲಿ 6 ರೂಪಾಯಿಗೆ ಸಿಗುವ ಸೀರೆಯೊಂದು ಆಚೆ 7 ರೂಪಾಯಿ ಎಂದರೆ ದುಬಾರಿಯಾದಂತೆ ಕಾಣುತ್ತದೆ. ಆದರೆ ಇದು ಬರೀ ಲೆಕ್ಕದ ವ್ಯತ್ಯಾಸ.

ನಿಜವಾದ ವ್ಯತ್ಯಾಸ ತರುತ್ತಿದ್ದುದು ಕರೋಡಗಿರಿ, ಅಂದರೆ ಸಂಸ್ಥಾನದ ಸುಂಕ. 1802ರ ವ್ಯಾಪಾರ ಒಪ್ಪಂದದಲ್ಲಿ ನೂರಕ್ಕೆ 5 ಎಂದು ನಿಗದಿಯಾದ ಈ ದರ ಬಹುಕಾಲ ನಡೆದುಬಂತು. 7 ರೂಪಾಯಿಯ ಸೀರೆಗೆ ಸುಂಕ ಸುಮಾರು ಐದೂವರೆ ಆಣೆ. ಈ ಸುಂಕ ಒಳಬರುವ ಸರಕಿಗಷ್ಟೇ ಅಲ್ಲ, ಹೊರಹೋಗುವ ಸರಕಿಗೂ ಇತ್ತು. ಹೀಗಾಗಿ ಗದಗಿನ ಪೇಟೆಗೆ ಹತ್ತಿ ಕಳಿಸುವಾಗಲೂ ಸುಂಕ, ಅಲ್ಲಿಂದ ಬಟ್ಟೆ ತರುವಾಗಲೂ ಸುಂಕ. ವರ್ತಕ ತಾನು ಕಟ್ಟಿದ್ದನ್ನು ದರದಲ್ಲಿ ಹೊಂದಿಸಿಕೊಳ್ಳಬಲ್ಲ. ರೈತನಿಗೆ ಮಾತ್ರ ಮಾರುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು. ಸಂತೆ ಎಷ್ಟೇ ಹತ್ತಿರವಿದ್ದರೂ ಅದು ಗಡಿಯ ಯಾವ ಕಡೆ ಎಂಬುದೇ ಮುಖ್ಯವಾಗುತ್ತಿತ್ತು.

1947ರ ನಂತರ ಈ ಗೆರೆ ಇನ್ನಷ್ಟು ಬಿಗಿಯಾಯಿತು. ನಿಜಾಮರು ಭಾರತದೊಡನೆ ವಿಲೀನಕ್ಕೆ ಒಪ್ಪಲಿಲ್ಲ. ಸಂಸ್ಥಾನಕ್ಕೆ ಹೋಗುವ ಸರಕುಗಳ ಮೇಲೆ ನಿರ್ಬಂಧ ಬಿತ್ತು. ಒಳಗೆ ರಜಾಕಾರರ ಹಾವಳಿ. ಹೊರಗೆ ಮುಂಡರಗಿ, ಗಜೇಂದ್ರಗಡಗಳಲ್ಲಿ ವಿಮೋಚನಾ ಹೋರಾಟಗಾರರ ಶಿಬಿರಗಳು. ನಿನ್ನೆಯವರೆಗೆ ಸುಂಕ ಕಟ್ಟಿ ದಾಟುತ್ತಿದ್ದ ಗಡಿಯನ್ನು ಜನ ಈಗ ಜೀವ ಉಳಿಸಿಕೊಳ್ಳಲು ದಾಟತೊಡಗಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಮುಗಿಯಿತು.

ಆದರೆ ರಾಜ್ಯ ಹೋದಷ್ಟು ಬೇಗ ಸುಂಕ ಹೋಗುವುದಿಲ್ಲ. ಸಂವಿಧಾನದ 301ನೇ ವಿಧಿ ದೇಶದೊಳಗಿನ ವ್ಯಾಪಾರ ಮುಕ್ತ ಎಂದು ಸಾರಿದರೂ, ಹೈದರಾಬಾದಿನಂಥ ರಾಜ್ಯಗಳು ಕೆಲಕಾಲ ಇಂಥ ಸುಂಕ ಮುಂದುವರಿಸಲು 306ನೇ ವಿಧಿ ಅವಕಾಶ ಕೊಟ್ಟಿತ್ತು. ಖಜಾನೆ ಏಕಾಏಕಿ ಬರಿದಾಗಬಾರದೆಂಬುದು ಇದಕ್ಕೆ ಕಾರಣ. ಆ ವಿಧಿ ರದ್ದಾದದ್ದು 1956ರಲ್ಲಿ. ರೋಣ, ಯಲಬುರ್ಗಾಗಳು ಒಂದೇ ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ.

ಗಡಿಯ ಬೆಲೆ ಪೂರ್ತಿ ಅಳಿದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದರೂ ಪೆಟ್ರೋಲ್, ಡೀಸೆಲ್, ಮದ್ಯ ಅದರ ಹೊರಗೇ ಉಳಿದವು. ರಾಜ್ಯದ ಗಡಿಯಲ್ಲಿ ಯಾವ ಬಂಕಿನಲ್ಲಿ ಟ್ಯಾಂಕು ತುಂಬಿಸಬೇಕೆಂದು ಲೆಕ್ಕ ಹಾಕುವ ಲಾರಿ ಚಾಲಕ, ಹಿಂದೆ ಆಣೆ ಎಣಿಸುತ್ತಿದ್ದ ರೈತನ ವಾರಸುದಾರನೇ ಸರಿ. ಒಂದೇ ವ್ಯತ್ಯಾಸ: ಅವನಿಗೆ ಬೇರೆ ಬಂಕು ಹುಡುಕುವ ಅವಕಾಶವಿದೆ. ಬಂಡಿ ತುಂಬ ಹತ್ತಿ ಹೇರಿಕೊಂಡು ಗದಗಿಗೆ ಹೊರಟವನಿಗೆ ಬೇರೆ ದಾರಿ ಇರಲಿಲ್ಲ.