ಕೂಸು ಹುಟ್ಟುವ ಮುನ್ನ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು. ಹಾಲಿವುಡ್‌ನ ಸೂಪರ್‌ಹೀರೋ ಸಿನಿಮಾಗಳ ಅಭಿಮಾನಿಗಳು ಕುಲಾವಿ ಹೊಲಿಸಿ ಸುಮ್ಮನಾಗುವವರಲ್ಲ. ಕೂಸಿನ ಮೂಗು ಯಾರ ಹಾಗಿರಬೇಕೆಂದೂ ಜಗಳ ತೆಗೆಯುತ್ತಾರೆ. 'ದಿ ಬ್ಯಾಟ್‌ಮ್ಯಾನ್' ಸಿನಿಮಾ 2022ರ ಮಾರ್ಚ್‌ನಲ್ಲಿ ತೆರೆ ಕಂಡಿತು. ಅದರ ಎರಡನೆಯ ಭಾಗ 2025ರ ಅಕ್ಟೋಬರ್‌ನಲ್ಲಿ ಬರುವುದೆಂದು ವಾರ್ನರ್ ಬ್ರದರ್ಸ್ ಕಂಪೆನಿ ಮೊದಲು ಹೇಳಿತು. ಆಮೇಲೆ ಅದು 2026ಕ್ಕೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಇನ್ನೂ ಒಂದು ವರ್ಷ ಮುಂದೆ ಹಾಕಿ, 2027ರ ಅಕ್ಟೋಬರ್ 1 ಎಂದು ಪ್ರಕಟಿಸಲಾಯಿತು. ಈ ನಡುವೆ, 2023ರ ಜನವರಿಯಲ್ಲಿ, ಬೇರೊಬ್ಬ ನಟನ ಬೇರೊಂದು ಬ್ಯಾಟ್‌ಮ್ಯಾನ್ ಸಿನಿಮಾವನ್ನೂ ಅದೇ ಕಂಪೆನಿ ಘೋಷಿಸಿತ್ತು. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ನಿರ್ದೇಶಕ ಮ್ಯಾಟ್ ರೀವ್ಸ್ ಕಟ್ಟಿಕೊಟ್ಟ, ಸದಾ ಮಳೆ ಸುರಿಯುವ ಆ ಮಬ್ಬು ನಗರ ಹಾಗೆಯೇ ಉಳಿದೀತೇ? ರಾಬರ್ಟ್ ಪ್ಯಾಟಿನ್‌ಸನ್ ಅವರನ್ನು ಬದಿಗೆ ಸರಿಸಿ ಹೊಸ ಮುಖವನ್ನು ತಂದಾರೇ? ಇಷ್ಟು ವರ್ಷ ಕಾಯಿಸಿದ್ದು ಕಥೆ ಚೆನ್ನಾಗಿರಲೆಂದೋ ಅಥವಾ ಕಥೆಯೇ ಇಲ್ಲವೆಂದೋ? ಪ್ರಶ್ನೆಗಳಿಗೆ ಬರವಿಲ್ಲ.

ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಜಗಳಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬಿಡಿಸಿ ನೋಡಿದರೆ, ಒಂದು ಕಥೆ ಯಾರ ಸ್ವತ್ತು ಎಂಬ ದೊಡ್ಡ ಪ್ರಶ್ನೆ ಎದುರಾಗುತ್ತದೆ. ಬರೆದವನದೇ, ಹಣ ಹಾಕಿದವನದೇ ಅಥವಾ ಅದನ್ನು ಎದೆಯಲ್ಲಿಟ್ಟುಕೊಂಡು ಸಾಕಿದವನದೇ?

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಅಭಿಮಾನಿ ಎಂದರೆ ನಟನ ಅಭಿಮಾನಿ. ಡಾ. ರಾಜ್‌ಕುಮಾರ್ ಅವರು 'ಅಭಿಮಾನಿ ದೇವರುಗಳೇ' ಎಂದು ಕೈಮುಗಿದಾಗ, ಆ ಎದುರಿನ ಜನ ಅವರು ಮಯೂರನಾದರೂ ಕಬೀರನಾದರೂ ಒಪ್ಪಿಕೊಳ್ಳುವವರಾಗಿದ್ದರು. ಅಮೆರಿಕದ ಸೂಪರ್‌ಹೀರೋ ಅಭಿಮಾನಿಯ ನಿಷ್ಠೆ ಪಾತ್ರಕ್ಕೆ. ಅಲ್ಲಿ ನಟ ಬಾಡಿಗೆಗೆ ಬಂದವನು. ಇಂದು ಒಬ್ಬ, ನಾಳೆ ಇನ್ನೊಬ್ಬ. ಈ ಮಟ್ಟಿಗೆ ಅವರು ನಮ್ಮ ತಾಳಮದ್ದಳೆಯ ಶ್ರೋತೃಗಳಿಗೆ ಹತ್ತಿರದವರು. ಕರ್ಣನ ಕಥೆ ಅಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಇವತ್ತಿನ ಕರ್ಣ ಏನು ಮಾತಾಡುತ್ತಾನೆಂದು ಕೇಳಲು ಅವರು ಬಂದಿರುತ್ತಾರೆ. ಆದರೆ ಕರ್ಣನ ಮೇಲೆ ಯಾವ ಕಂಪೆನಿಗೂ ಹಕ್ಕಿಲ್ಲ. ಬ್ಯಾಟ್‌ಮ್ಯಾನ್ ಹಾಗಲ್ಲ. 1939ರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' ಪತ್ರಿಕೆಯ 27ನೆಯ ಸಂಚಿಕೆಯಲ್ಲಿ ಹುಟ್ಟಿದ ದಿನದಿಂದಲೂ ಅವನು ಒಂದು ವ್ಯಾಪಾರದ ಸೊತ್ತು.

ಕಾಮಿಕ್ಸ್ ಓದುಗರು ಪರಸ್ಪರ ಪರಿಚಯವಾದದ್ದು ಅಂಚೆಯ ಮೂಲಕ. 1960ರ ದಶಕದ ಆರಂಭದಲ್ಲಿ ಡಿ.ಸಿ. ಪ್ರಕಾಶನದ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ವಾಚಕರ ಪತ್ರಗಳ ಜೊತೆ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕತೊಡಗಿದರು. ಓದುಗರು ಪತ್ರಿಕೆಗೆ ಬರೆಯುವುದರ ಜೊತೆಗೆ ತಮ್ಮತಮ್ಮಲ್ಲೇ ಬರೆದುಕೊಂಡರು. 1961ರಲ್ಲಿ ಜೆರಿ ಬೇಲ್ಸ್ ಎಂಬ ಅಧ್ಯಾಪಕರು 'ಆಲ್ಟರ್ ಈಗೋ' ಎಂಬ ಅಭಿಮಾನಿ ಪತ್ರಿಕೆ ಹೊರತಂದರು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಸಮಾವೇಶ ನಡೆಯಿತು. ಚದುರಿದ ಓದುಗರು ಹೀಗೆ ಒಂದು ಸಮುದಾಯವಾದರು. ಇಷ್ಟರಲ್ಲಿ, 1966ರಲ್ಲಿ, ಆಡಂ ವೆಸ್ಟ್ ನಟಿಸಿದ ಟಿ.ವಿ. ಧಾರಾವಾಹಿ ಬಂತು. ಅದು ಬ್ಯಾಟ್‌ಮ್ಯಾನ್‌ನನ್ನು ಹಾಸ್ಯದ ವಸ್ತುವಾಗಿಸಿತು. ಜನ ನಕ್ಕರು, ಅಭಿಮಾನಿಗಳಲ್ಲಿ ಅನೇಕರಿಗೆ ಆ ನಗು ಚುಚ್ಚಿತು. ತಮ್ಮ ಗಂಭೀರ ನಾಯಕನನ್ನು ಮತ್ತೊಮ್ಮೆ ಕೋಡಂಗಿ ಮಾಡಿಯಾರು ಎಂಬ ಭಯ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

1988ರಲ್ಲಿ ಆ ಭಯ ಸ್ಫೋಟಗೊಂಡಿತು. ಟಿಮ್ ಬರ್ಟನ್ ನಿರ್ದೇಶಿಸುವ ಸಿನಿಮಾದಲ್ಲಿ ಮೈಕೆಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾರೆಂದು ತಿಳಿಯಿತು. ಕೀಟನ್ ಆಗ ಹಾಸ್ಯನಟರೆಂದೇ ಪ್ರಸಿದ್ಧರು. ಕಂಪೆನಿಗೆ ಸುಮಾರು 50,000 ಪ್ರತಿಭಟನೆಯ ಪತ್ರಗಳು ಬಂದವೆಂದು ವರದಿಯಾಯಿತು. ಹಣಕಾಸಿನ ಪತ್ರಿಕೆಯಾದ 'ವಾಲ್ ಸ್ಟ್ರೀಟ್ ಜರ್ನಲ್' ಕೂಡ ಈ ಗದ್ದಲದ ಬಗ್ಗೆ ಮುಖಪುಟದಲ್ಲಿ ಬರೆಯಿತು. ಗಾಬರಿಯಾದ ಕಂಪೆನಿ ಅವಸರದಲ್ಲಿ ಒಂದು ಟ್ರೇಲರ್ ಸಿದ್ಧಪಡಿಸಿ ಚಿತ್ರಮಂದಿರಗಳಿಗೆ ಕಳಿಸಿತು. ಟಿಕೆಟ್ ಕೊಂಡು ಆ ಟ್ರೇಲರ್ ಮಾತ್ರ ನೋಡಿ ಎದ್ದುಹೋದವರಿದ್ದರು. 1989ರ ಜೂನ್ 23ರಂದು ಸಿನಿಮಾ ಬಂದಾಗ ಬೈದವರೇ ಸಾಲಿನಲ್ಲಿ ನಿಂತಿದ್ದರು. ಕೀಟನ್ ಮುಖವಾಡದೊಳಗಿನ ಕಣ್ಣುಗಳಿಂದಲೇ ಅವರನ್ನು ಗೆದ್ದರು.

ಅದೇ 1988ರಲ್ಲಿ ಇನ್ನೊಂದು ಘಟನೆ ನಡೆಯಿತು. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಬದುಕಬೇಕೇ ಸಾಯಬೇಕೇ ಎಂಬುದನ್ನು ತೀರ್ಮಾನಿಸಲು ಡಿ.ಸಿ. ಪ್ರಕಾಶನ ಓದುಗರಿಂದ ಫೋನ್ ಮೂಲಕ ಮತ ಕೇಳಿತು. ಒಂದು ಕರೆಗೆ 50 ಸೆಂಟ್. 36 ಗಂಟೆಗಳಲ್ಲಿ ಉಳಿಸಿರೆಂದವರ ಕರೆಗಳು 5,271, ಕೊಲ್ಲಿರೆಂದವರ ಕರೆಗಳು 5,343. ಎಪ್ಪತ್ತೆರಡು ಮತಗಳ ಅಂತರದಲ್ಲಿ ಆ ಹುಡುಗ ಸತ್ತ. ಅಭಿಮಾನಿಯ ಆಸೆ ಮತ್ತು ಸಿಟ್ಟು ಎರಡನ್ನೂ ನಾಣ್ಯವಾಗಿಸಬಹುದೆಂದು ವ್ಯಾಪಾರಕ್ಕೆ ಆಗಲೇ ತಿಳಿದಿತ್ತು.

ಎರಡನೆಯ ಭಾಗಗಳ ಕಥೆ ಇಲ್ಲಿಂದ ಶುರುವಾಗುತ್ತದೆ. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಮಕ್ಕಳಿಗೆ ತೀರ ಕರಾಳವಾಯಿತೆಂದು ತಂದೆತಾಯಂದಿರು ದೂರಿದರು. ಆ ಸಿನಿಮಾದ ಆಟಿಕೆಗಳನ್ನು ಊಟದ ಜೊತೆ ಮಕ್ಕಳಿಗೆ ಹಂಚುತ್ತಿದ್ದ ಮೆಕ್‌ಡೊನಾಲ್ಡ್ಸ್‌ಗೂ ಟೀಕೆ ತಪ್ಪಲಿಲ್ಲ. ಕಂಪೆನಿ ಬರ್ಟನ್ ಅವರ ಜಾಗಕ್ಕೆ ಜೋಯಲ್ ಶುಮಾಕರ್ ಅವರನ್ನು ತಂದಿತು. 1995ರ ಸಿನಿಮಾ ಹಣ ಮಾಡಿತು. 1997ರ 'ಬ್ಯಾಟ್‌ಮ್ಯಾನ್ ಅಂಡ್ ರಾಬಿನ್' ಬರುವ ಹೊತ್ತಿಗೆ ಸಿನಿಮಾಕ್ಕೆ ಆಟಿಕೆಯೋ, ಆಟಿಕೆಗೆ ಸಿನಿಮಾವೋ ಎಂಬ ಸ್ಥಿತಿಯಿತ್ತು. ಬಿಡುಗಡೆಗೆ ಮುನ್ನ ನಡೆದ ಪ್ರಾಯೋಗಿಕ ಪ್ರದರ್ಶನ ನೋಡಿದವರ ನಿರಾಶೆ ಅಂತರಜಾಲದಲ್ಲಿ ಹಬ್ಬಿತು. ಈ ಸಲ ಅಭಿಮಾನಿಗಳ ಅನುಮಾನ ನಿಜವಾಯಿತು. ಮುಂದೆ ತೆಗೆಯಬೇಕೆಂದಿದ್ದ ಭಾಗವನ್ನು ಕೈಬಿಡಲಾಯಿತು. ಎಂಟು ವರ್ಷ ಬ್ಯಾಟ್‌ಮ್ಯಾನ್ ಸಿನಿಮಾ ಬರಲಿಲ್ಲ. ಶುಮಾಕರ್ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು, ನಾಯಕನಾಗಿದ್ದ ಜಾರ್ಜ್ ಕ್ಲೂನಿಯೂ ಕೇಳಿದರು. ಆಟಿಕೆ ಮಾರಲು ಹೊರಟವರು ಮಾತ್ರ ಕ್ಷಮೆ ಕೇಳಿದ್ದು ನಮಗೆ ಗೊತ್ತಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವುದು ಎಂದರೆ ಇದೇ.

2005ರಲ್ಲಿ ಕ್ರಿಸ್ಟೋಫರ್ ನೋಲನ್ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ಮೂಲಕ ಕಥೆಯನ್ನು ಬುಡದಿಂದ ಕಟ್ಟಿದರು. ಅದರ ಕೊನೆಯಲ್ಲಿ ಪೊಲೀಸ್ ಅಧಿಕಾರಿ ಗಾರ್ಡನ್ ಒಂದು ಇಸ್ಪೀಟು ಎಲೆಯನ್ನು ಬ್ಯಾಟ್‌ಮ್ಯಾನ್‌ನ ಕೈಗೆ ಕೊಡುತ್ತಾನೆ: ಜೋಕರ್. ಮುಂದಿನ ಭಾಗದ ಆಸೆಗೆ ಅದೊಂದು ಎಲೆ ಸಾಕಾಗಿತ್ತು. 2006ರ ಜುಲೈನಲ್ಲಿ ಆ ಪಾತ್ರಕ್ಕೆ ಹೀತ್ ಲೆಡ್ಜರ್ ಎಂದು ಪ್ರಕಟವಾದಾಗ ಮತ್ತೆ ಮೂಗು ಮುರಿಯುವವರ ಗುಂಪು ಎದ್ದಿತು. ಪ್ರೇಮಕಥೆಗಳ ಚೆಂದದ ಹುಡುಗ, ಜಾಕ್ ನಿಕಲ್ಸನ್ ಮಾಡಿದ ಜೋಕರ್‌ನ ಮುಂದೆ ಇವನೇನು ಎಂದರು. ಲೆಡ್ಜರ್ ಆಗಷ್ಟೇ 'ಬ್ರೋಕ್‌ಬ್ಯಾಕ್ ಮೌಂಟನ್' ಸಿನಿಮಾದಲ್ಲಿ ಸಲಿಂಗಕಾಮಿಯ ಪಾತ್ರ ಮಾಡಿದ್ದರು. ಅದನ್ನಿಟ್ಟುಕೊಂಡು ಅಸಹ್ಯ ಕುಚೋದ್ಯಗಳೂ ನಡೆದವು. ಕಂಪೆನಿ ಈ ಕುತೂಹಲವನ್ನು ಆಟವಾಗಿಸಿತು. 2007ರುದ್ದಕ್ಕೂ ಅಂತರಜಾಲದಲ್ಲೂ ಬೀದಿಯಲ್ಲೂ ಒಗಟುಗಳನ್ನು ಹರಡಿ, ಅಭಿಮಾನಿಗಳನ್ನು ಜೋಕರ್‌ನ ಹಿಂಬಾಲಕರಂತೆ ಓಡಾಡಿಸಿತು. ಅನುಮಾನ ನಿಧಾನವಾಗಿ ಆಸೆಯಾಯಿತು. ಅಷ್ಟರಲ್ಲಿ, 2008ರ ಜನವರಿ 22ರಂದು, ಲೆಡ್ಜರ್ ತೀರಿಕೊಂಡರು. ವಯಸ್ಸು 28.

ಜುಲೈನಲ್ಲಿ 'ದಿ ಡಾರ್ಕ್ ನೈಟ್' ಬಂತು. ಅದರ ಒಟ್ಟು ಗಳಿಕೆ 100 ಕೋಟಿ ಡಾಲರ್ ದಾಟಿತು. 2009ರಲ್ಲಿ ಲೆಡ್ಜರ್‌ಗೆ ಸಂದ ಆಸ್ಕರ್ ಪ್ರಶಸ್ತಿಯನ್ನು ಅವರ ತಂದೆ, ತಾಯಿ ಮತ್ತು ಅಕ್ಕ ವೇದಿಕೆಯಲ್ಲಿ ಸ್ವೀಕರಿಸಿದರು. ಎರಡು ವರ್ಷ ಹಿಂದೆ ಗೇಲಿ ಮಾಡಿದವರಿಗೆ ತಮ್ಮ ಮಾತನ್ನು ಆ ನಟನ ಎದುರು ಹಿಂತೆಗೆದುಕೊಳ್ಳುವ ಅವಕಾಶ ಇರಲಿಲ್ಲ. ಆದರೂ ಪಾಠ ಹೆಚ್ಚು ದಿನ ಉಳಿಯಲಿಲ್ಲ. 2012ರಲ್ಲಿ ಇದರ ಮುಂದಿನ ಭಾಗವನ್ನು ಮೆಚ್ಚದ ವಿಮರ್ಶಕರಿಗೆ ಸಿನಿಮಾ ಇನ್ನೂ ನೋಡಿರದ ಅಭಿಮಾನಿಗಳು ಜೀವಬೆದರಿಕೆ ಹಾಕಿದರು. 'ರಾಟನ್ ಟೊಮ್ಯಾಟೋಸ್' ವಿಮರ್ಶಾ ತಾಣ ಆ ಸಿನಿಮಾದ ಪ್ರತಿಕ್ರಿಯೆ ವಿಭಾಗವನ್ನೇ ಮುಚ್ಚಬೇಕಾಯಿತು. 2013ರಲ್ಲಿ ಬೆನ್ ಅಫ್ಲೆಕ್ ವಿರುದ್ಧ, 2019ರಲ್ಲಿ ಪ್ಯಾಟಿನ್‌ಸನ್ ವಿರುದ್ಧ ಸಹಿ ಸಂಗ್ರಹಗಳು ನಡೆದವು. ಇಂದು ಎಲ್ಲಿ ಪ್ಯಾಟಿನ್‌ಸನ್ ಕೈತಪ್ಪಿಹೋದಾರೋ ಎಂಬ ಆತಂಕ ಅದೇ ಅಭಿಮಾನಿ ಬಳಗದ್ದು.

ಈ ಚರಿತ್ರೆಯಲ್ಲಿ ಒಂದು ಸಾಲು ಸ್ಪಷ್ಟವಾಗಿ ಕಾಣುತ್ತದೆ. ವ್ಯಕ್ತಿಗಳ ಬಗೆಗಿನ ಅನುಮಾನ, ಕೀಟನ್ ಬಗ್ಗೆಯಾಗಲಿ ಲೆಡ್ಜರ್ ಬಗ್ಗೆಯಾಗಲಿ, ಸುಳ್ಳಾಯಿತು. ವ್ಯಾಪಾರದ ಬಗೆಗಿನ ಅನುಮಾನ ನಿಜವಾಯಿತು. ಆದರೆ ಅಭಿಮಾನಿಯ ಸಿಟ್ಟು ಹೆಚ್ಚಾಗಿ ಬಿದ್ದದ್ದು ವ್ಯಕ್ತಿಗಳ ಮೇಲೆ. 2022ರ ಆಗಸ್ಟ್‌ನಲ್ಲಿ ಇದೇ ಬಳಗದ 'ಬ್ಯಾಟ್‌ಗರ್ಲ್' ಸಿನಿಮಾವನ್ನು ಕಂಪೆನಿ ತೆರೆಗೆ ತರದೆಯೇ ಮೂಲೆಗೆ ಹಾಕಿತು. ಸುಮಾರು 9 ಕೋಟಿ ಡಾಲರ್ ಖರ್ಚಾಗಿ, ಚಿತ್ರೀಕರಣ ಮುಗಿದಿದ್ದ ಸಿನಿಮಾ ಅದು. ನಷ್ಟವೆಂದು ತೋರಿಸಿದರೆ ತೆರಿಗೆಯಲ್ಲಿ ಉಳಿತಾಯವಾಗುತ್ತದೆಂಬುದು ಆಗ ಕೇಳಿಬಂದ ಕಾರಣ. ಅದರ ನಿರ್ದೇಶಕರಾದ ಆದಿಲ್ ಅಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾಹ್ ಬೆಲ್ಜಿಯಂನ ಮೊರೊಕ್ಕನ್ ಮೂಲದ ತರುಣರು. ಆದಿಲ್ ಮದುವೆಗೆಂದು ಮೊರೊಕ್ಕೊಗೆ ಹೋಗಿದ್ದಾಗ ಅವರಿಗೆ ಸುದ್ದಿ ಮುಟ್ಟಿತು. ತಾವೇ ತೆಗೆದ ದೃಶ್ಯಗಳನ್ನು ಫೋನಿನಲ್ಲಾದರೂ ಉಳಿಸಿಕೊಳ್ಳೋಣವೆಂದು ನೋಡಿದರೆ, ಕಂಪ್ಯೂಟರಿನ ಬಾಗಿಲೇ ಮುಚ್ಚಿತ್ತು. 1988ರಲ್ಲಿ ಬೈಸಿಕೊಂಡ ಕೀಟನ್ ಮೂವತ್ತು ವರ್ಷಗಳ ಬಳಿಕ ಬ್ಯಾಟ್‌ಮ್ಯಾನ್ ವೇಷ ತೊಟ್ಟು ಅದರಲ್ಲಿ ನಟಿಸಿದ್ದರು.

ಹಾಗಾದರೆ ಅಭಿಮಾನಿಯ ಅನುಮಾನಕ್ಕೆ ಬೆಲೆಯೇ ಇಲ್ಲವೇ? ಇದೆ. ಅದಕ್ಕಾಗಿ ನಾವು ಮತ್ತೆ 1939ಕ್ಕೆ ಹೋಗಬೇಕು. ಬಾಬ್ ಕೇನ್ ಎಂಬ ಚಿತ್ರಕಾರ ಕೆಂಪು ಉಡುಪಿನ, ಗಟ್ಟಿ ರೆಕ್ಕೆಗಳ ಒಬ್ಬ ನಾಯಕನ ಚಿತ್ರವನ್ನು ಗೆಳೆಯ ಬಿಲ್ ಫಿಂಗರ್‌ಗೆ ತೋರಿಸಿದರು. ಫಿಂಗರ್ ಆಗ ಚಪ್ಪಲಿ ಅಂಗಡಿಯಲ್ಲಿ ದುಡಿಯುತ್ತಿದ್ದರು. ಕಿವಿಗಳಿರುವ ಮುಖವಾಡ, ಬೂದು ಬಣ್ಣ, ರೆಕ್ಕೆಗಳ ಬದಲು ಹಾರುವ ನಿಲುವಂಗಿ ಅವರು ಕೊಟ್ಟ ಸಲಹೆಗಳು. ಬ್ರೂಸ್ ವೇನ್ ಎಂಬ ಹೆಸರು, ಗಾಥಮ್ ಎಂಬ ನಗರದ ಹೆಸರು ಅವರದೇ. ಮೊದಲ ಕಥೆ ಬರೆದವರೂ ಅವರೇ. ಆದರೆ ಕಂಪೆನಿಯೊಡನೆ ಕರಾರು ಮಾಡಿಕೊಂಡದ್ದು ಕೇನ್. ಹಾಗಾಗಿ ಸೃಷ್ಟಿಕರ್ತ ಎಂಬ ಜಾಗದಲ್ಲಿ ದಶಕಗಳ ಕಾಲ ಅವರೊಬ್ಬರದೇ ಹೆಸರು ಉಳಿಯಿತು.

ಆ ಒಂಟಿ ಹೆಸರನ್ನು ಮೊದಲು ಅನುಮಾನಿಸಿದವರು ಅಭಿಮಾನಿಗಳು. 1965ರ ನ್ಯೂಯಾರ್ಕ್ ಸಮಾವೇಶದಲ್ಲಿ ಫಿಂಗರ್ ಮಾತಾಡಿದ್ದನ್ನು ಕೇಳಿ, ಅದೇ ಜೆರಿ ಬೇಲ್ಸ್ ಅವರ ಪಾತ್ರವೇನೆಂದು ಲೇಖನ ಬರೆದರು. ಕೇನ್ ಕೋಪಗೊಂಡು ಅಭಿಮಾನಿಗಳಿಗೆ ದೀರ್ಘ ಪತ್ರ ಬರೆದು ಎಲ್ಲವನ್ನೂ ಅಲ್ಲಗಳೆದರು. 1974ರ ಜನವರಿಯಲ್ಲಿ ಫಿಂಗರ್ ತೀರಿಕೊಂಡಾಗ ಅವರ ಬಳಿ ಹಣವೂ ಇರಲಿಲ್ಲ, ಹೆಸರೂ ಇರಲಿಲ್ಲ. 1989ರ ಸಿನಿಮಾದಲ್ಲೂ ಕೇನ್ ಒಬ್ಬರದೇ ಹೆಸರು. ಅದೇ ವರ್ಷ ಬಂದ ಆತ್ಮಕಥೆಯಲ್ಲಿ ಗೆಳೆಯನಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಕೇನ್ ವಿಷಾದಿಸಿದರು. ಕರಾರು ಮಾತ್ರ ಬದಲಾಗಲಿಲ್ಲ. ಮುಂದೆ ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕರು ವರ್ಷಗಟ್ಟಲೆ ಅಲೆದು ಫಿಂಗರ್‌ರ ಮೊಮ್ಮಗಳು ಅಥೀನಾ ಅವರನ್ನು ಪತ್ತೆಹಚ್ಚಿದರು. 2012ರಲ್ಲಿ ಪುಸ್ತಕ ಬರೆದರು. 2015ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ಕೊನೆಗೂ ಒಪ್ಪಿತು. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಸಿನಿಮಾದಲ್ಲಿ ಬಾಬ್ ಕೇನ್ ಜೊತೆ ಬಿಲ್ ಫಿಂಗರ್ ಎಂದು ತೆರೆಯ ಮೇಲೆ ಮೂಡಿತು. ಬೇಲ್ಸ್ ಅವರ ಲೇಖನದಿಂದ ಆ ಘೋಷಣೆಗೆ ಸರಿಯಾಗಿ ಐವತ್ತು ವರ್ಷ. ಅದನ್ನು ನೋಡಲು ಬೇಲ್ಸ್ ಕೂಡ ಬದುಕಿರಲಿಲ್ಲ.

ಎರಡೂ ಅಭಿಮಾನವೇ. ಒಂದು, ನನ್ನ ಬ್ಯಾಟ್‌ಮ್ಯಾನ್‌ನ ಮುಖ ಹೀಗೇ ಇರಲಿ ಎನ್ನುತ್ತದೆ. ಇನ್ನೊಂದು, ನನಗೆ ಇಷ್ಟು ಸಂತೋಷ ಕೊಟ್ಟವನು ಯಾರು, ಅವನಿಗೆ ಸಲ್ಲಬೇಕಾದದ್ದು ಸಂದಿತೇ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಐವತ್ತು ಸಾವಿರ ಪತ್ರಗಳು ಸಿಕ್ಕವು. ಎರಡನೆಯದನ್ನು ಕೆಲವೇ ಜನ ಅರ್ಧ ಶತಮಾನ ಹೊತ್ತು ತಿರುಗಿದರು. ಹೊಸ ಭಾಗ ಚೆನ್ನಾಗಿರಲೆಂದು ಹಾರೈಸುವುದರಲ್ಲಿ ತಪ್ಪೇನೂ ಇಲ್ಲ, ನಾವೂ ಹಾರೈಸುತ್ತೇವೆ. ಅದು ಬಂದ ದಿನ, ದೀಪ ಹತ್ತಿಕೊಂಡು ಜನ ಎದ್ದು ಹೊರಡುವಾಗ, ತೆರೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಹಾದುಹೋಗುವ ಹೆಸರುಗಳಿಗೂ ಎರಡು ನಿಮಿಷ ಕೊಟ್ಟರೆ ಒಳ್ಳೆಯದು.