ಮುರಿದ ಬೋಲ್ಟು

ನನ್ನ ತಂಗಿ ತನ್ನ ಎರಡು ಪಾಟಲಿಗಳನ್ನು ಅಡವಿಟ್ಟು ಮಗನ ಕೈಗೆ ಕೊಟ್ಟ ಹಣ, ಒಂದು ಭಾನುವಾರ ಮಧ್ಯಾಹ್ನ ಮಣ್ಣಿನ ರೇಸಿನ ಬಯಲಿನಲ್ಲಿ ಹೊಗೆಯಾಗಿ ಹೋಯಿತು. ನಾನು ಅಲ್ಲಿರಲಿಲ್ಲ. ಸೋಮವಾರ ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಅವಳ ಫೋನು ಬಂತು. “ಅಕ್ಕಾ, ನೀನರ ಬಂದು ಅವಗ ಬುದ್ಧಿ ಹೇಳ. ನೀ ಸಾಲೀ ಕಲಿಸಾಕಿ, ನಿನ್ನ ಮಾತು ಕೇಳ್ತಾನ” ಎಂದಳು. ಅಳುತ್ತಿರಲಿಲ್ಲ. ಅವಳು ಅಳದೆ ಮಾತಾಡಿದರೆ ನನಗೆ ಹೆಚ್ಚು ಭಯ.

ಹಾಗಾಗಿ ಮುಂದಿನ ರಜೆಗೆ ನಾನು ಪಾರಿಶ್ವಾಡಕ್ಕೆ ಹೋದದ್ದು ಬುದ್ಧಿ ಹೇಳಲಿಕ್ಕೆ. ಹುಡುಗ ಅಂಗಳದಲ್ಲಿ ಗೋಣಿತಟ್ಟು ಹಾಸಿ ಎಂಜಿನ್ ಬಿಚ್ಚಿ ಇಟ್ಟುಕೊಂಡು ಕೂತಿದ್ದ. ಹಳೆಯ ಮಾರುತಿ 800ರ ಎಂಜಿನ್ ಅದು. ಮೂರು ಸಿಲಿಂಡರು, 796 ಸಿ.ಸಿ. ಬೀಡು ಕಬ್ಬಿಣದ ಬ್ಲಾಕಿನ ಒಂದು ಮಗ್ಗುಲಲ್ಲಿ ನನ್ನ ಅಂಗೈ ತೂರುವಷ್ಟು ದೊಡ್ಡ ತೂತು. “ದೊಡ್ಡವ್ವ, ಒಳಗಿನ ರಾಡು ಗ್ವಾಡಿ ಒಡಕೊಂಡು ಹೊರಗ ಬಂತು” ಎಂದ. ಪಕ್ಕದಲ್ಲಿ ಒಂದು ಚಿಂದಿ ಬಟ್ಟೆಯ ಮೇಲೆ ಎರಡು ತುಂಡಾದ ಒಂದು ಸಣ್ಣ ಬೋಲ್ಟು. ಕಿರುಬೆರಳಿಗಿಂತ ಸಣ್ಣದು. ಇಷ್ಟೆಲ್ಲ ಅನಾಹುತ ಮಾಡಿದ್ದು ಅದೇ ಎಂದು ಅವನು ತೋರಿಸಿದಾಗ ನನ್ನ ಬುದ್ಧಿಮಾತು ಗಂಟಲಲ್ಲೇ ಉಳಿಯಿತು. ಅಷ್ಟು ಸಣ್ಣದು ಯಾಕೆ ಮುರಿಯಿತು ಎಂದು ಕೇಳಿದೆ. ಮೂವತ್ತು ವರ್ಷ ಮಕ್ಕಳಿಂದ ಪ್ರಶ್ನೆ ಕೇಳಿಸಿಕೊಂಡವಳಿಗೆ ತಾನೇ ಒಂದು ಪ್ರಶ್ನೆ ಕೇಳುವ ಆಸೆ ಇದ್ದೇ ಇರುತ್ತದೆ.

ಎಂಜಿನ್ನಿನ ಒಳಗನ್ನು ತಿಳಿಯಲು ಹೆಂಗಸರಿಗೆ ಕಷ್ಟವಿಲ್ಲ. ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನನ್ನು ನೆನಪಿಸಿಕೊಂಡರೆ ಸಾಕು. ಕೆಳಗಿನ ಪಾವಟಿಗೆ ಮೇಲೆ ಕೆಳಗೆ ಆಡುತ್ತದೆ. ಒಂದು ಕಡ್ಡಿ ಆ ಆಟವನ್ನು ಗಾಲಿಯ ಸುತ್ತಾಗಿ ಬದಲಾಯಿಸುತ್ತದೆ. ಕಾರಿನಲ್ಲಿ ಪಾವಟಿಗೆಯ ಜಾಗದಲ್ಲಿ ಪಿಸ್ಟನ್, ಕಡ್ಡಿಯ ಜಾಗದಲ್ಲಿ ಕನೆಕ್ಟಿಂಗ್ ರಾಡು, ಗಾಲಿಯ ಜಾಗದಲ್ಲಿ ಕ್ರ್ಯಾಂಕು. ರಾಡಿನ ಕೆಳತುದಿ ಎರಡು ಹೋಳಾಗಿ ಕ್ರ್ಯಾಂಕನ್ನು ಅಪ್ಪಿಕೊಂಡಿರುತ್ತದೆ. ಆ ಎರಡು ಹೋಳನ್ನು ಕೂಡಿಸಿ ಹಿಡಿದಿರುವುದು ಈ ಬೋಲ್ಟು. ನಮ್ಮವ್ವನ ಕಾಲಿನ ಮಿಷನ್ನಿಗೆ ಒಮ್ಮೆ ಮೋಟಾರು ಕೂಡಿಸಿದ್ದೆವು. ಹೊಲಿಗೆ ಬೇಗ ಆಯಿತು, ನಿಜ. ಆದರೆ ವಾರಕ್ಕೊಂದು ಸೂಜಿ ಮುರಿಯಿತು, ತಿರುಪು ಸಡಿಲಾದವು, ಮೇಜೇ ನಡುಗತೊಡಗಿತು. ಮಿಷನ್ನು ಕಟ್ಟಿದ್ದು ಕಾಲಿಗೆ, ಮೋಟಾರಿಗಲ್ಲ.

ನನ್ನ ತಂಗಿಯ ಮಗ ಮಾಡಿದ್ದೂ ಅದೇ. ಹಳೆಯ ಕಾರ್ಬುರೇಟರ್ ಮಾದರಿಯ ಈ ಎಂಜಿನ್ ನಿಮಿಷಕ್ಕೆ ಸುಮಾರು 5,500 ಸುತ್ತಿನಲ್ಲಿ ತನ್ನ ಪೂರ್ತಿ ಶಕ್ತಿ ಕೊಡುತ್ತದೆ. ಆ ಶಕ್ತಿ 40 ಅಶ್ವಶಕ್ತಿಗಿಂತ ಕಡಿಮೆ. ಅವನು ಹೆಡ್ಡನ್ನು ತೆಳ್ಳಗೆ ಕೆತ್ತಿಸಿದ, ವಾಲ್ವು ಎತ್ತುವ ಕ್ಯಾಮ್ ಶಾಫ್ಟನ್ನು ಬೇರೆ ಅಳತೆಗೆ ಮಸೆಯಿಸಿದ, ದೊಡ್ಡ ಕಾರ್ಬುರೇಟರ್ ಇಟ್ಟ. ಎಂಜಿನ್ 8,000 ಸುತ್ತಿನವರೆಗೆ ಓಡತೊಡಗಿತು. ಮೇಲಿನದೆಲ್ಲ ಹೊಸ ಸಿಂಗಾರ, ಕೆಳಗಿನ ರಾಡು ಬೋಲ್ಟು ಮಾತ್ರ ಕಂಪನಿಯದೇ.

ಅವನು ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗದ ಒಂದು ಲೇಥ್ ಅಂಗಡಿಯಲ್ಲಿ. ಮುರಿದ ಬೋಲ್ಟನ್ನು ಪರ್ಸಿನಲ್ಲಿಟ್ಟುಕೊಂಡು ನಾನೂ ಅವನ ಜೊತೆ ಅಲ್ಲಿಗೆ ಹೋದೆ. ಅಂಗಡಿಯ ಹಿರಿಯ ಮಿಸ್ತ್ರಿ ಬೋಲ್ಟಿನ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದರು. ಅರ್ಧ ಭಾಗ ನುಣ್ಣಗೆ, ನೀರಿನ ಅಲೆಯ ಗೆರೆ ಬಿದ್ದಂತೆ; ಉಳಿದರ್ಧ ಸಕ್ಕರೆ ಹರಳಿನಂತೆ ಒರಟು. “ಇದು ಆವತ್ತ ಮುರದಿಲ್ರಿ ಅಕ್ಕೋರ. ಎಷ್ಟೋ ದಿನದಿಂದ ಒಳಗ ಬಿರಕ ಬಿಡಾಕತ್ತಿತ್ತು. ಲೋಹಕ್ಕೂ ದಣಿವ ಆಕ್ಕೈತಿ” ಎಂದರು.

ದಣಿವು ಎಂದು ಅವರು ಅಂದದ್ದನ್ನು ಎಂಜಿನಿಯರುಗಳೂ ಅದೇ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಮನುಷ್ಯರಿಗೆ ಅದು ಗೊತ್ತಾದದ್ದು ಬಹಳ ಬೆಲೆ ತೆತ್ತು. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ದಾರಿಯಲ್ಲಿ ತುಂಡಾಯಿತು. ಡಬ್ಬಿಗಳ ಬಾಗಿಲಿಗೆ ಬೀಗ ಹಾಕಿದ್ದರು, ಬೆಂಕಿ ಹತ್ತಿತು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಅಚ್ಚು ಅದಕ್ಕಿಂತ ಹೆಚ್ಚಿನ ಭಾರವನ್ನೇನೂ ಹೊತ್ತಿರಲಿಲ್ಲ. ಹಾಗಾದರೆ ಯಾಕೆ ಮುರಿಯಿತು? ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ತರುಣ ಎಂಜಿನಿಯರು ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಅಚ್ಚಿನ ದಪ್ಪ ಒಮ್ಮೆಲೇ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಅಲ್ಲಿ ದುಂಡಗೆ ತಿರುವು ಕೊಡಬೇಕು ಎಂದ. ಆಮೇಲೆ ಜರ್ಮನಿಯ ರೈಲ್ವೆಯ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ವರ್ಷಗಟ್ಟಲೆ ಅಚ್ಚುಗಳನ್ನು ಬಗ್ಗಿಸಿ ತಿರುಗಿಸಿ ಲೆಕ್ಕ ಇಟ್ಟ. ಒಂದು ಸಲಕ್ಕೆ ತಡೆಯುವ ಭಾರವನ್ನೇ ಲಕ್ಷ ಸಲ ಹೇರಿದರೆ ಉಕ್ಕು ಸೋಲುತ್ತದೆ ಎಂಬುದು ಅವನ ಲೆಕ್ಕದಿಂದ ಸಿದ್ಧವಾಯಿತು. ಇಂದಿಗೂ ಕ್ರ್ಯಾಂಕಿನ ಮೂಲೆಗಳನ್ನು ದುಂಡಗೆ ಮಸೆಯುವುದು ಅದೇ ಪಾಠದಿಂದ.

ಸುತ್ತು ಹೆಚ್ಚಿದಂತೆ ಭಾರ ಹೇಗೆ ಬೆಳೆಯುತ್ತದೆ ಎಂಬುದನ್ನು ನಾನು ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಸುತ್ತು ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ವರ್ಗದ ಲೆಕ್ಕ ಅದು. ಈ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ದೂರ 72 ಮಿ.ಮೀ. ಪಿಸ್ಟನ್ನಿನ ತೂಕ ಕಾಲು ಕೆ.ಜಿ. ಎಂದು ಇಟ್ಟುಕೊಂಡರೆ, 5,500 ಸುತ್ತಿನಲ್ಲಿ ಮೇಲಿನ ತುದಿಯಲ್ಲಿ ಅದನ್ನು ತಡೆದು ಹಿಂದಕ್ಕೆ ಎಳೆಯಲು ಸುಮಾರು 400 ಕೆ.ಜಿ. ಜಗ್ಗು ಬೇಕು. 8,000ದಲ್ಲಿ ಅದೇ 800 ದಾಟುತ್ತದೆ. ಸುತ್ತು ಒಂದೂವರೆಯಷ್ಟೂ ಆಗಲಿಲ್ಲ, ಜಗ್ಗು ಇಮ್ಮಡಿಗಿಂತ ಹೆಚ್ಚು.

ನನಗೆ ತೀರ ಬೆರಗೆನಿಸಿದ ಸಂಗತಿ ಇನ್ನೊಂದಿದೆ. ಬೋಲ್ಟು ಮುರಿಯುವುದು ಪೆಟ್ರೋಲು ಸಿಡಿದಾಗ ಎಂದು ನಾನು ತಿಳಿದಿದ್ದೆ. ಅಲ್ಲ. ಸಿಡಿತ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ, ರಾಡನ್ನು ಅದುಮುತ್ತದೆ. ಬೋಲ್ಟಿಗೆ ಆಗ ಆರಾಮ. ಹೊಗೆಯನ್ನು ಹೊರಗೆ ತಳ್ಳಿ ಖಾಲಿಯಾದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲಕ್ಕೆ ಹಾರಿದಾಗ ಎದುರಿನಿಂದ ತಡೆಯುವುದು ಏನೂ ಇರುವುದಿಲ್ಲ. ಆ ಜಗ್ಗಾಟವೆಲ್ಲ ಎರಡು ಬೋಲ್ಟಿನ ಮೇಲೆ. ಎಂಜಿನ್ ದುಡಿಯದ ಗಳಿಗೆಯಲ್ಲೇ ಅದಕ್ಕೆ ಅತಿ ಹೆಚ್ಚು ನೋವು. ತಂಗಿಗೆ ಇದನ್ನು ಹೇಳಿದೆ. “ನನ್ನ ಪಾಟಲಿಗೆ ಯಾವ ಗಳಿಗಿ ಆದ್ರೇನ್ ಅಕ್ಕಾ” ಎಂದಳು.

ಇಂಥ ಎಂಜಿನ್ನುಗಳನ್ನು ಗಟ್ಟಿ ಮಾಡಿದ ಚರಿತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಇಂಗ್ಲೆಂಡಿನ ಪುಟ್ಟ ಮಿನಿ ಕಾರು 1959ರಲ್ಲಿ ಹೊರಬಂತು, 848 ಸಿ.ಸಿ., 34 ಅಶ್ವಶಕ್ತಿ; ನಮ್ಮ ಮಾರುತಿಯ ಅಕ್ಕ ಎನ್ನಬಹುದು. ಅದರ ಎಂಜಿನ್ನಿನ ವಂಶ 1951ರ ಆಸ್ಟಿನ್ ಎ30 ಎಂಬ ಸಾಧು ಕಾರಿನದು. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದನ್ನು ಬದಲಿಸಿ 1961ರಲ್ಲಿ ಮಿನಿ ಕೂಪರ್ ಮಾಡಿಸಿದ. 1962ರಲ್ಲಿ ಪ್ಯಾಟ್ ಮಾಸ್ ಅದರಲ್ಲಿ ನೆದರ್‌ಲೆಂಡ್ಸಿನ ಟುಲಿಪ್ ರ‍್ಯಾಲಿ ಗೆದ್ದಳು. ಪಕ್ಕದಲ್ಲಿ ಕೂತು ದಾರಿ ಹೇಳಿದವಳೂ ಹೆಂಗಸೇ. ಆ ಕಾರಿಗೆ ದೊಡ್ಡ ಅಂತರರಾಷ್ಟ್ರೀಯ ಗೆಲುವುಗಳಲ್ಲಿ ಮೊದಲನೆಯದು ಅದು. ಮರುವರ್ಷ ಬಂದ ಕೂಪರ್ ಎಸ್ ಮಾದರಿಯಲ್ಲಿ ಒಳಗಿನದೆಲ್ಲ ಬಲವಾಯಿತು: ಕ್ರ್ಯಾಂಕಿನ ಬೇರಿಂಗ್ ಕೂರುವ ಭಾಗ ದಪ್ಪವಾಯಿತು, ಉಕ್ಕು ಬದಲಾಯಿತು, ಅದರ ಮೈಗೆ ನೈಟ್ರೈಡಿಂಗ್ ಮಾಡಿದರು. ಕ್ರ್ಯಾಂಕನ್ನು ಅಮೋನಿಯಾ ಅನಿಲದಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಮೇಲ್ಪದರು ಗಾಜಿನಂತೆ ಗಡುಸಾಗುತ್ತದೆ, ಒಳಗೆ ಮಾತ್ರ ಬಾಗುವ ಗುಣ ಉಳಿಯುತ್ತದೆ. 1964, 65 ಮತ್ತು 67ರಲ್ಲಿ ಆ ಕಾರು ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದದ್ದು ಎಲ್ಲರಿಗೂ ಗೊತ್ತು. ಕ್ರ್ಯಾಂಕಿನ ಸುದ್ದಿ ಯಾರಿಗೂ ಬೇಡ.

ನಮ್ಮಲ್ಲಿ ಈ ಹುಚ್ಚು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಹಳೆಯ ವಿಮಾನದ ಹಾದಿಗಳ ಮೇಲೆ. ಮದರಾಸಿನ ಹತ್ತಿರದ ಶೋಲಾವರಂ ಅಂಥದ್ದು. ಅಲ್ಲಿ ಓಡಿದ ಫಿಯಟ್ 1100ರ ಕ್ರ್ಯಾಂಕಿಗೆ ನಾಲ್ಕು ಸಿಲಿಂಡರಿಗೆ ಮೂರೇ ಆಸರೆ. ವೇಗ ಹೆಚ್ಚಾದರೆ ನಡುವೆ ಬಳುಕುತ್ತಿತ್ತು. ಮಾರುತಿಯ ಮೂರು ಸಿಲಿಂಡರಿಗೆ ನಾಲ್ಕು ಆಸರೆ. 1983ರ ಡಿಸೆಂಬರಿನಲ್ಲಿ ಸಂಸಾರಸ್ಥರಿಗಾಗಿ ಬಂದ ಈ ಕಾರಿನ ಎಂಜಿನ್ನನ್ನೇ ಇಟ್ಟು ಕೊಯಮತ್ತೂರಿನ ಕರಿವರ್ಧನ್ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಮುಂದೆ ಫಾರ್ಮುಲಾ ಒನ್ ತಲುಪಿದ ನಾರಾಯಣ ಕಾರ್ತಿಕೇಯನ್ ಮೊದಲು ಓಡಿಸಿದ್ದು ಅದನ್ನು. ನಮ್ಮ ಹುಡುಗನಿಗೆ ಹುಚ್ಚು ಹಿಡಿದದ್ದು ಬರಿಯ ಹುಚ್ಚಲ್ಲ ಎಂದು ನನಗೆ ಅನಿಸಿದ್ದು ಇದನ್ನು ಓದಿದ ಮೇಲೆ.

ಬೆಳಗಾವಿಯಲ್ಲಿ ಲೋಹದ ಕೆಲಸ ಹುಟ್ಟಿದ್ದೂ ಒಂದು ದುರಸ್ತಿ ಅಂಗಡಿಯಿಂದಲೇ ಅಲ್ಲವೆ? ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಅಣ್ಣನ ಜೊತೆ ಇಲ್ಲಿ ಸೈಕಲ್ ಅಂಗಡಿ ತೆರೆದರು. ಅವರೂ ಮೊದಲು ಮುಂಬಯಿಯಲ್ಲಿ ಮಾಸ್ತರರು. ಬರಬೇಕಾದ ಬಡ್ತಿ ಬೇರೆಯವರಿಗೆ ಹೋದದ್ದಕ್ಕೆ ಕೆಲಸ ಬಿಟ್ಟವರು. ನಮ್ಮ ಶಿಕ್ಷಕಿಯರ ಕೊಠಡಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಿಟ್ಟುಸಿರಿಟ್ಟರು. ಕಿರ್ಲೋಸ್ಕರರು 1910ರಲ್ಲಿ ಊರು ಬಿಟ್ಟು ಔಂಧ್ ಸಂಸ್ಥಾನಕ್ಕೆ ಹೋದರು. ಆದರೂ ಎರಕದ ಒಲೆ ಇಲ್ಲಿ ಆರಲಿಲ್ಲ. ಉದ್ಯಮಬಾಗದಲ್ಲಿ ಇಂದು ಎಂಜಿನ್ ಬ್ಲಾಕು ಎರಕ ಹೊಯ್ಯುವವರೂ ಕ್ರ್ಯಾಂಕು ಮಸೆಯುವವರೂ ಇದ್ದಾರೆ.

ಅಲ್ಲಿಯೇ ನಮ್ಮ ಎರಡನೆಯ ಎಂಜಿನ್ ತಯಾರಾಯಿತು. “ನಮ್ಮ” ಎಂದೆ, ನೋಡಿ. ಗುಜರಿಯಿಂದ ತಂದ ಬ್ಲಾಕು, ಹಣ ನನ್ನದು. ಈ ಸಲ ಮಿಸ್ತ್ರಿಯವರು ಕೆಳಗಿನಿಂದ ಶುರು ಮಾಡಿದರು. ಕ್ರ್ಯಾಂಕಿಗೆ ಅಯಸ್ಕಾಂತದ ಗುಣ ಕೊಟ್ಟು ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿದರು. ಕೂದಲೆಳೆಯ ಬಿರುಕಿದ್ದರೂ ಪುಡಿ ಅಲ್ಲಿ ಸಾಲುಗಟ್ಟುತ್ತದಂತೆ. ಬಿರುಕಿರಲಿಲ್ಲ. ಮೂರು ರಾಡುಗಳನ್ನು ಅಕ್ಕಸಾಲಿಗನ ಹಾಗೆ ಗ್ರಾಮಿನ ಲೆಕ್ಕದಲ್ಲಿ ತೂಗಿ ಒಂದೇ ತೂಕಕ್ಕೆ ತಂದು, ಉದ್ದಕ್ಕೆ ಉಜ್ಜಿ ನುಣುಪು ಮಾಡಿದರು. ಅಡ್ಡ ಗೀಚು ಉಳಿದರೆ ಅದೇ ಬಿರುಕಿನ ಮೊಳಕೆ. ಆಮೇಲೆ ಅವುಗಳ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಆಲಿಕಲ್ಲಿನಂತೆ ಬಡಿಸಿದರು. ಮೈ ಬಿಗಿಯಾಗಿ ಬಿರುಕು ಬಾಯಿ ತೆರೆಯದು. ವಾಲ್ವಿಗೆ ಗಟ್ಟಿ ಸ್ಪ್ರಿಂಗು ಹಾಕಿದರು. 8,000 ಸುತ್ತಿನಲ್ಲಿ ಒಂದೊಂದು ವಾಲ್ವು ಸೆಕೆಂಡಿಗೆ 66 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗು ಸೋತರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಎಣ್ಣೆಯ ತಟ್ಟೆಯಲ್ಲಿ ಅಡ್ಡಗೋಡೆ ಬೆಸೆದರು. ಬಸ್ಸಿನಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ಕೂತವರಿಗೆ ಇದರ ಕಾರಣ ಬೇರೆ ಹೇಳಬೇಕಿಲ್ಲ: ತಿರುವಿನಲ್ಲಿ ಎಣ್ಣೆ ಒಂದು ಕಡೆ ಸರಿದರೆ ಪಂಪು ಗಾಳಿ ಹೀರುತ್ತದೆ, ಬೇರಿಂಗು ಸುಟ್ಟು ಹೋಗುತ್ತದೆ. ಇಷ್ಟಾದ ಮೇಲೂ ಮಿಸ್ತ್ರಿಯವರು 7,500ರ ಮೇಲೆ ಹೋಗಬಾರದೆಂದು ಹುಡುಗನ ಕಡೆಯಿಂದ ಆಣೆ ಮಾಡಿಸಿಕೊಂಡರು.

ಕೊನೆಯಲ್ಲಿ ಬೋಲ್ಟು. ಒಳ್ಳೆಯ ಉಕ್ಕಿನ ಆರು ಹೊಸ ಬೋಲ್ಟುಗಳು. ಬೋಲ್ಟು ಬಿಗಿಯುವುದೆಂದರೆ ಅದನ್ನು ಸ್ಪ್ರಿಂಗಿನ ಹಾಗೆ ತುಸು ಎಳೆದು ಹಿಡಿಯುವುದು. ಬಿಚ್ಚಿದಾಗ ಮೊದಲಿನ ಉದ್ದಕ್ಕೆ ಮರಳಿದರೆ ಆರೋಗ್ಯವಾಗಿದೆ; ಉದ್ದವಾಗಿಯೇ ಉಳಿದರೆ ಅದರ ಕಾಲ ಮುಗಿಯಿತು. ಆದ್ದರಿಂದ ಪ್ರತಿ ಬೋಲ್ಟಿನ ಉದ್ದವನ್ನೂ ಮೈಕ್ರೊಮೀಟರಿನಲ್ಲಿ ಅಳೆದು ಬರೆದಿಡಬೇಕು, ಎಂಜಿನ್ ಬಿಚ್ಚಿದಾಗಲೆಲ್ಲ ಮತ್ತೆ ಅಳೆಯಬೇಕು. ಹುಡುಗನ ಅಕ್ಷರ ಅವನಿಗೇ ತಿಳಿಯುವುದಿಲ್ಲ. ಬರೆಯುವ ಕೆಲಸ ತಂಗಿಗೆ ಬಿತ್ತು.

ಪಾಟಲಿಗಳು ಇನ್ನೂ ಸೊಸೈಟಿಯಲ್ಲೇ ಇವೆ. ಮೊನ್ನೆ ಪಾರಿಶ್ವಾಡಕ್ಕೆ ಹೋದಾಗ ಎರಡು ರೇಸು ಮುಗಿಸಿ ಬಂದ ಎಂಜಿನ್ ಅಂಗಳದಲ್ಲಿ ಬಿಚ್ಚಿತ್ತು. ತಂಗಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೆರೆದು, ಚಾಳೀಸು ಏರಿಸಿಕೊಂಡು ಕೂತಿದ್ದಳು. ಮಗ ಓದಿ ಹೇಳಿದ, ಅವಳು ಹಳೆಯ ಅಂಕಿಯ ಪಕ್ಕ ಬರೆದುಕೊಂಡಳು. ಐದು ಬೋಲ್ಟು ಸರಿಯಾಗಿದ್ದವು. ಆರನೆಯದಕ್ಕೆ ಅವಳ ಪೆನ್ನು ನಿಂತಿತು.

“ಇನ್ನೊಮ್ಮಿ ಅಳಿ” ಎಂದಳು. ಅವನು ಅಳೆದ. ಅಂಕಿ ಅದೇ ಬಂತು.

“ಇದು ಬೆಳದೈತಿ. ತಗದ ಒಗಿ.”